ಹೋಟೆಲಿನಲ್ಲಿ ಒಂದು ಏಟು, ಅಂಗಡಿಯಲ್ಲಿ ಏಳು ಜನ: ಹುತಾತ್ಮ ಯೋಧರ ಬಗ್ಗೆ ಆಡಿದ ಮಾತಿನಿಂದ ಹುಟ್ಟಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ನಾನು ಒಬ್ಬ ಆರೋಪಿಯ ಪರ ವಕೀಲನಾಗಿದ್ದೆ. ಅವರ ಒಪ್ಪಿಗೆಯನ್ನೂ ಏಟು ತಿಂದ ಯುವಕನ ಒಪ್ಪಿಗೆಯನ್ನೂ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಗುರುತು ಹತ್ತಬಾರದೆಂದು ವಯಸ್ಸು, ಕಸುಬುಗಳನ್ನು ತುಸು ಬದಲಿಸಿದ್ದೇನೆ. ಗಾಯಗಳು, ಕಲಂಗಳು, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಎಂಬುದು ನಡೆದಂತೆಯೇ ಇವೆ. ಸೈನಿಕರನ್ನು ಹೀಯಾಳಿಸಿದವನಿಗೆ ಜನ ಹೊಡೆದ ಸುದ್ದಿ ಬಂದಾಗಲೆಲ್ಲ ನಮ್ಮ ವಕೀಲರ ಕೊಠಡಿಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಅಂಥ ಮಾತಿಗೆ ಹೊಡೆಯದೆ ಇನ್ನೇನು ಮಾಡಬೇಕಿತ್ತು? ಆ ಪ್ರಶ್ನೆ ಕೇಳುವವರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ನಡೆಸಿದ ಮೇಲೆ, ಹೊಡೆತ ಸರಿಯಾಗುವ ಸಂದರ್ಭವೇ ಇಲ್ಲ ಎಂಬ ನಿಲುವಿಗೆ ಬಂದಿದ್ದೇನೆ.

ಹಿನ್ನೆಲೆ

2019ರ ಫೆಬ್ರವರಿ 14ರಂದು ಪುಲ್ವಾಮಾ ಜಿಲ್ಲೆಯ ಲೇಥಪೋರಾ ಬಳಿ, ಜಮ್ಮು–ಶ್ರೀನಗರ ಹೆದ್ದಾರಿಯಲ್ಲಿ ಸ್ಫೋಟಕ ತುಂಬಿದ ವಾಹನವೊಂದು ಸಿಆರ್‌ಪಿಎಫ್ ಬಸ್ಸಿಗೆ ಗುದ್ದಿತು. 40 ಯೋಧರು ಸತ್ತರು. ಅವರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. 16ರಂದು ಅವರ ಪಾರ್ಥಿವ ಶರೀರ ಊರಿಗೆ ಬಂದಾಗ ಮಂಡ್ಯ ಜಿಲ್ಲೆಯಲ್ಲಿ ಜನ ರಸ್ತೆಯ ಇಕ್ಕೆಲಗಳಲ್ಲಿ ಗಂಟೆಗಟ್ಟಲೆ ಕಾದು ನಿಂತಿದ್ದರು. ನಮ್ಮದೂ ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ಆ ದಿನ ಪೇಟೆಯ ಅರ್ಧದಷ್ಟು ಅಂಗಡಿಗಳು ತಾವಾಗಿ ಬಾಗಿಲು ಹಾಕಿದ್ದವು. ತೆರೆದಿದ್ದ ಹೋಟೆಲುಗಳಲ್ಲಿ ಟಿವಿಯ ಸದ್ದು ಬಿಟ್ಟರೆ ಬೇರೆ ಮಾತು ಕಡಿಮೆ.

ನನ್ನ ಕಕ್ಷಿದಾರರು ನಿವೃತ್ತ ಹವಾಲ್ದಾರರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಕಡೆ ಇದ್ದವರು. ತನ್ನ ಜೊತೆಯ ಸೈನಿಕನೊಬ್ಬನ ದೇಹವನ್ನು ಇಳಿಜಾರಿನಲ್ಲಿ ಹೊತ್ತು ಕೆಳಗೆ ತಂದವರಲ್ಲಿ ಅವರೂ ಒಬ್ಬರು. ಇದನ್ನು ಅವರು ಊರಿನಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ನನಗೂ ಎರಡು ತಿಂಗಳ ನಂತರ, ಬೇರೆ ಯಾವುದೋ ಮಾತಿನ ನಡುವೆ ಹೇಳಿದರು. ಪಿಂಚಣಿಯ ಜೊತೆಗೆ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸವಿತ್ತು. ಶಿಕ್ಷೆಯಾದರೆ ಬಂದೂಕಿನ ಪರವಾನಗಿ ಹೋಗುತ್ತದೆ, ಪರವಾನಗಿ ಹೋದರೆ ಆ ಕೆಲಸವೂ ಹೋಗುತ್ತದೆ.

ಯುವಕನಿಗೆ ಇಪ್ಪತ್ತಮೂರು ವರ್ಷ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮನೆಯಲ್ಲಿ ತಾಯಿ ಮಾತ್ರ.

ಆ ಸಂಜೆ

ಆರು ಗಂಟೆಯ ಹೊತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಟಿವಿಯಲ್ಲಿ ಅಂತ್ಯಕ್ರಿಯೆಯ ನೇರ ಪ್ರಸಾರ ನೋಡುತ್ತಿದ್ದರು. ಹವಾಲ್ದಾರರು ಬ್ಯಾಂಕಿನ ಕೆಲಸ ಮುಗಿಸಿ ಅದೇ ಸಮವಸ್ತ್ರದಲ್ಲಿ ಬಂದು ಗೋಡೆಯ ಪಕ್ಕದ ಮೇಜಿಗೆ ಕೂತಿದ್ದರು. ಯುವಕ ಇಬ್ಬರು ಗೆಳೆಯರ ಜೊತೆ ಬೈಟು ಕಾಫಿ ಹಂಚಿಕೊಂಡು ಮುಂದಿನ ಮೇಜಿನಲ್ಲಿದ್ದ. ಪರದೆಯ ಮೇಲೆ ಜನಸಾಗರ ಕಂಡಾಗ ಅವನು ಗೆಳೆಯರ ಕಡೆ ತಿರುಗಿ, "ಸಂಬಳಕ್ಕೆ ಹೋದವರು, ಸತ್ತರು. ಅದಕ್ಕೇಕೆ ಇಷ್ಟು ದೊಡ್ಡ ಮೆರವಣಿಗೆ?" ಎಂದ. ಹೋಟೆಲಿನ ಯಜಮಾನ ಗಲ್ಲಾಪೆಟ್ಟಿಗೆಯಿಂದಲೇ, "ಸುಮ್ಮನಿರಪ್ಪ, ಕಾಫಿ ಕುಡಿದು ಹೊರಡು" ಎಂದರು. ಗೆಳೆಯರಲ್ಲಿ ಒಬ್ಬ ನಕ್ಕ. ಆ ನಗೆಯೇ ಮುಂದಿನದಕ್ಕೆ ಕಾರಣ ಎಂದು ಯುವಕ ಆಮೇಲೆ ತಾನೇ ಹೇಳಿದ್ದಾನೆ. ಎಲ್ಲರಿಗೂ ಕೇಳುವಂತೆ ಅವನು ಎರಡನೆಯ ಮಾತು ಆಡಿದ: "ಹೆಂಡತಿಗೆ ಲಾಟರಿ ಹೊಡೆಯಿತು ಬಿಡಿ."

ಆ ಮಾತನ್ನು ನಾನು ಮೃದುಗೊಳಿಸದೆ ಇಲ್ಲಿ ಬರೆದಿದ್ದೇನೆ, ಏಕೆಂದರೆ ಪ್ರಶ್ನೆಯನ್ನು ಅದರ ಪೂರ್ಣ ಭಾರದೊಂದಿಗೆ ಎತ್ತಿಕೊಳ್ಳಬೇಕು. ಗಂಡನನ್ನು ಕಳೆದುಕೊಂಡು ಎರಡೇ ದಿನವಾಗಿದ್ದ ಹೆಣ್ಣುಮಗಳ ಬಗ್ಗೆ, ಚಿತೆ ಇನ್ನೂ ಹೊತ್ತಿರದಾಗ, ಸಾರ್ವಜನಿಕ ಸ್ಥಳದಲ್ಲಿ ಆಡಿದ ಮಾತದು. ಅದು ಟೀಕೆಯಲ್ಲ, ಸರ್ಕಾರಕ್ಕೆ ಹಾಕಿದ ಪ್ರಶ್ನೆಯೂ ಅಲ್ಲ. ಮನಸ್ಸನ್ನು ಸುಡುವ ಮಾತು.

ಹವಾಲ್ದಾರರು ಎದ್ದು ಬಂದರು. "ಏನೆಂದೆ?" ಎಂದರು. "ಇದ್ದದ್ದನ್ನು ಹೇಳಿದೆ" ಎಂದ ಯುವಕ. ತೆರೆದ ಅಂಗೈ ಎಡಗೆನ್ನೆಗೂ ಕಿವಿಗೂ ಸೇರಿ ಬಿತ್ತು. ಸ್ಟೀಲ್ ಲೋಟ ಉರುಳಿ ಕಾಫಿ ಮೇಜಿನಿಂದ ನೆಲಕ್ಕೆ ಸುರಿಯಿತು. ಹವಾಲ್ದಾರರ ಕೈ ಅದುರುತ್ತಿತ್ತು ಎಂದು ಮೂವರು ಸಾಕ್ಷಿಗಳು ಹೇಳಿದ್ದಾರೆ. ಎರಡನೆಯ ಏಟು ಬೀಳಲಿಲ್ಲ. ಯಜಮಾನರು ಅವರ ಭುಜ ಹಿಡಿದು ಹೊರಗೆ ಕರೆದೊಯ್ದರು. ಅವರು ಸೀದಾ ಮನೆಗೆ ಹೋದರು. ಯುವಕ ಕಿವಿ ಒತ್ತಿಕೊಂಡು ತನ್ನ ಅಂಗಡಿಗೆ ಹೋದ.

ಇಲ್ಲಿಗೇ ನಿಂತಿದ್ದರೆ ಇದು ಪ್ರಕರಣವಾಗುತ್ತಲೇ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಯಾರೋ ಒಬ್ಬ ಏಟು ಬಿದ್ದ ನಂತರದ ಹತ್ತು ಹನ್ನೆರಡು ಸೆಕೆಂಡುಗಳನ್ನು ಮೊಬೈಲಿನಲ್ಲಿ ಹಿಡಿದ. ಅದರಲ್ಲಿ ಯುವಕನ ಮಾತು ಇಲ್ಲ; ಸಮವಸ್ತ್ರದ ಹಿರಿಯರು, ಕೆನ್ನೆ ಹಿಡಿದುಕೊಂಡ ಹುಡುಗ, ಗದ್ದಲ, ಅಷ್ಟೇ. ಆ ತುಣುಕು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವಾಗ ಅದರ ಕೆಳಗೆ ಒಂದು ಸಾಲು ಸೇರಿತ್ತು: ಇವನು ಪಾಕಿಸ್ತಾನಕ್ಕೆ ಜೈಕಾರ ಹಾಕಿದ. ಅವನು ಹಾಗೆ ಹೇಳಿರಲಿಲ್ಲ. ಹೋಟೆಲಿನಲ್ಲಿದ್ದ ಒಬ್ಬನೇ ಒಬ್ಬ ಸಾಕ್ಷಿಯೂ ಹಾಗೆ ಹೇಳಿಲ್ಲ.

ಸುಮಾರು ನಲವತ್ತು ನಿಮಿಷದ ನಂತರ ಏಳು ಜನ ಅಂಗಡಿಗೆ ಬಂದರು. ಏಳರಲ್ಲಿ ಆರು ಜನ ಹೋಟೆಲಿನಲ್ಲಿ ಇರಲೇ ಇಲ್ಲ. ಗಾಜಿನ ಕಪಾಟು ಒಡೆಯಿತು. ಅವನನ್ನು ಎಳೆದು ಹಾಕಿ ತುಳಿದರು. ತಡೆಯಲು ನೆಲಕ್ಕೆ ಊರಿದ ಬಲಗೈಯ ಮಣಿಕಟ್ಟು ಮುರಿಯಿತು. ಆಮೇಲೆ ಮೊಣಕಾಲೂರಿಸಿ, ಜನವರಿ 26ಕ್ಕೆ ತಂದಿದ್ದ ಪ್ಲಾಸ್ಟಿಕ್ ಬಾವುಟವೊಂದನ್ನು ಎಡಗೈಗೆ ಕೊಟ್ಟು, ಕ್ಷಮೆ ಕೇಳಿಸಿ, ಅದನ್ನೂ ಚಿತ್ರೀಕರಿಸಿದರು. ಆ ವಿಡಿಯೊವನ್ನು ನ್ಯಾಯಾಲಯದಲ್ಲಿ ನಿಧಾನಕ್ಕೆ ಓಡಿಸಿ ನೋಡಿದಾಗ ಒಂದು ಸಂಗತಿ ಕಂಡಿತು. ಯುವಕನ ಕೈ ನಿಲ್ಲದೆ ಬಾವುಟ ನೆಲಕ್ಕೆ ಬೀಳುತ್ತದೆ, ಹೊಡೆಯಲು ಮುಂದೆ ಬಂದವನ ಚಪ್ಪಲಿ ಅದರ ಮೇಲೆಯೇ ಊರುತ್ತದೆ, ಯಾರೂ ಬಗ್ಗಿ ಎತ್ತುವುದಿಲ್ಲ. ದೇಶದ ಮಾನಕ್ಕಾಗಿ ಬಂದವರಿಗೆ ಆ ಹೊತ್ತಿನಲ್ಲಿ ಬಾವುಟವೇ ಕಾಣಲಿಲ್ಲ.

ಏಳು ಜನರಲ್ಲಿ ಒಬ್ಬನಿಗೆ ಯುವಕನ ಮನೆಯವರೊಂದಿಗೆ ನಿವೇಶನದ ಗಡಿಯ ತಕರಾರು ಹಳೆಯದು. ಸಿವಿಲ್ ದಾವೆ ಅದೇ ಊರಿನ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ಇದು ಪಾಟೀಸವಾಲಿನಲ್ಲಿ ಹೊರಬಂತು. ಇಂಥ ಗುಂಪುಗಳಲ್ಲಿ ಇದು ಅಪರೂಪವಲ್ಲ ಎಂಬುದು ನನ್ನ ಅನುಭವ. ಹುತಾತ್ಮನ ಹೆಸರು ಎದುರಿಗಿದ್ದರೆ ಹಳೆಯ ಹಗೆಗೆ ಒಳ್ಳೆಯ ಬಟ್ಟೆ ಸಿಗುತ್ತದೆ.

ಕಾನೂನಿನ ದಾರಿ

ಮೊದಲ ಎಫ್‌ಐಆರ್ ಯುವಕನ ಮೇಲೆಯೇ ಆಯಿತು. ಪೊಲೀಸರು ಸ್ವಯಂಪ್ರೇರಿತವಾಗಿ, ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದ ಆರೋಪಕ್ಕೆ ಅನ್ವಯಿಸುವ ಭಾರತೀಯ ದಂಡ ಸಂಹಿತೆಯ (ಐಪಿಸಿ) 153ಎ ಮತ್ತು 505(2) ಕಲಂ ಹಾಕಿದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಮಲಗಿದ್ದವನು ಆರೋಪಿ. ಅವನ ಕೈ ಮುರಿದವರು ಊರಿನಲ್ಲಿ ಓಡಾಡಿಕೊಂಡಿದ್ದರು. ತಾಯಿಯ ದೂರು ದಾಖಲಾಗಲು ನಾಲ್ಕು ದಿನ ಹಿಡಿಯಿತು. ಅದರಲ್ಲಿ ಎಂಟು ಜನರ ಹೆಸರಿತ್ತು: ಹವಾಲ್ದಾರರು ಮೊದಲ ಆರೋಪಿ, ನಂತರ ಆ ಏಳು ಜನ. ಅಕ್ರಮ ಕೂಟ, ದೊಂಬಿ, ತೀವ್ರ ಗಾಯ ಎಲ್ಲವೂ, ಕೂಟದ ಒಬ್ಬನು ಮಾಡಿದ್ದಕ್ಕೆ ಎಲ್ಲರನ್ನೂ ಹೊಣೆ ಮಾಡುವ 149ನೇ ಕಲಮಿನ ಹಗ್ಗದಲ್ಲಿ ಒಟ್ಟಿಗೆ ಕಟ್ಟಿಬಿದ್ದಿದ್ದವು.

ಯುವಕನ ಪರ ನಿಲ್ಲಲು ಊರಿನ ವಕೀಲರು ಹಿಂಜರಿದರು. ನಿರ್ಣಯವೇನೂ ಆಗಲಿಲ್ಲ, ಆದರೆ ಯಾರೂ ವಕಾಲತ್ತಿಗೆ ಸಹಿ ಹಾಕಲಿಲ್ಲ. ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ವಕೀಲರ ಸಂಘ ನಿರ್ಣಯವನ್ನೇ ಮಾಡಿತ್ತು. ಹೈಕೋರ್ಟ್ ಅದನ್ನು ಕಟುವಾಗಿ ಟೀಕಿಸಿತು. ಇಂಥ ನಿರ್ಣಯಗಳಿಗೆ ಕಾನೂನಿನ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮಲ್ಲಿ ಕೊನೆಗೆ ಜಿಲ್ಲಾ ಕೇಂದ್ರದಿಂದ ಒಬ್ಬ ಯುವ ವಕೀಲೆ ಬಂದರು. ಅವರು ಬಾರದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ನನ್ನ ಎದುರಿಗೆ ಎರಡು ದಾರಿಗಳಿದ್ದವು. ಉಳಿದ ಏಳು ಜನರ ವಕೀಲರು ಎಂಟೂ ಜನರಿಗೆ ಒಂದೇ ವಾದ ಇರಲಿ ಎಂದರು. ಕಾರ್ಗಿಲ್‌ನಲ್ಲಿ ಹೋರಾಡಿದ ಹಿರಿಯರು ಮುಂದೆ ನಿಂತರೆ ಸಾಕ್ಷಿಗಳು ಮೆತ್ತಗಾಗುತ್ತಾರೆ, ಊರು ಬೆನ್ನಿಗಿರುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳಲಾರೆ. ಆದರೆ ಅದರಲ್ಲಿ ನನ್ನ ಕಕ್ಷಿದಾರರ ದುಃಖ ಇತರರಿಗೆ ಗುರಾಣಿಯಾಗುತ್ತಿತ್ತು, ಅವರು ಮಾಡದ ಕೈಮುರಿತಕ್ಕೆ ಅವರೇ ಮುಖವಾಗುತ್ತಿದ್ದರು. ಎರಡನೆಯ ದಾರಿ ಹೋಟೆಲಿನ ಏಟನ್ನು ಅಂಗಡಿಯ ಹಲ್ಲೆಯಿಂದ ಬೇರ್ಪಡಿಸುವುದು. ನಾನು ಅದನ್ನೇ ಆರಿಸಿಕೊಂಡೆ.

ಅದಕ್ಕೆ ಕಾನೂನಿನ ಆಧಾರ ಗಟ್ಟಿಯಾಗಿತ್ತು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ಮೂಲ ಪ್ರಶ್ನೆಯ ಉತ್ತರದ ಅರ್ಧ ಭಾಗ ಇಲ್ಲಿಯೇ ಇದೆ. ನಮ್ಮ ದಂಡ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಎರಡಕ್ಕೆ ಮಾತ್ರ ಕೊಟ್ಟಿದೆ: ದೇಹಕ್ಕೆ ಮತ್ತು ಆಸ್ತಿಗೆ. ಮಾನಕ್ಕೆ, ಭಾವನೆಗೆ, ನೆನಪಿಗೆ ಬಿದ್ದ ಪೆಟ್ಟಿಗೆ ಕೈಯೆತ್ತುವ ಹಕ್ಕು ಅದರಲ್ಲಿಲ್ಲ. ತನ್ನ ಮಾನದ ವಿಷಯದಲ್ಲೇ ಇಲ್ಲದ ಹಕ್ಕು ಸತ್ತವರ ಮಾನದ ವಿಷಯದಲ್ಲಿ ಎಲ್ಲಿಂದ ಬಂದೀತು? ಹಾಗೆಂದು ಕಾನೂನು ಮನುಷ್ಯನ ರಕ್ತ ಕುದಿಯುವುದನ್ನು ಕಾಣದೆ ಕುಳಿತಿಲ್ಲ. ಸಾಮಾನ್ಯ ಗಾಯಕ್ಕೆ 323ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆ ಇತ್ತು. ಅದೇ ಗಾಯವನ್ನು ಗಂಭೀರವಾದ, ಹಠಾತ್ತಾದ ಪ್ರಚೋದನೆಯಿಂದ ಮಾಡಿದ್ದರೆ 334ನೇ ಕಲಂ ಅದನ್ನು ಒಂದು ತಿಂಗಳಿಗೆ ಇಳಿಸುತ್ತಿತ್ತು. ಇಳಿಸುತ್ತಿತ್ತು, ಅಳಿಸುತ್ತಿರಲಿಲ್ಲ. ಎಷ್ಟೇ ಘೋರ ಮಾತಾದರೂ ಹೊಡೆದದ್ದು ಅಪರಾಧವಾಗಿಯೇ ಉಳಿಯುತ್ತದೆ.

ಮಾತೊಂದೇ ಅಂಥ ಪ್ರಚೋದನೆ ಆಗಬಹುದೆ ಎಂಬ ಪ್ರಶ್ನೆಗೆ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಕಮಾಂಡರ್ ನಾನಾವತಿ ಅವರ ಪ್ರಕರಣದಲ್ಲಿ, 1961ರಲ್ಲಿ, ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಕೆಲವು ಸಂದರ್ಭಗಳಲ್ಲಿ ಮಾತು, ಸನ್ನೆಗಳೂ ಪ್ರಚೋದನೆ ಆಗಬಹುದು. ಆದರೆ ಏಟು ಆ ಕುದಿಯಲ್ಲೇ ಬಿದ್ದಿರಬೇಕು, ಮನಸ್ಸು ತಣಿಯಲು ಹೊತ್ತು ಸಿಕ್ಕ ಮೇಲೆ ಬಿದ್ದಿರಬಾರದು. ನಾನಾವತಿಯವರು ಹಡಗಿಗೆ ಹೋಗಿ ರಿವಾಲ್ವರ್ ಪಡೆದು ಬರುವಷ್ಟು ಹೊತ್ತು ದಾಟಿತ್ತು, ಆದ್ದರಿಂದ ಆ ವಾದ ಅವರಿಗೆ ಒದಗಲಿಲ್ಲ. ನಮ್ಮ ಪ್ರಕರಣದಲ್ಲಿ ಹವಾಲ್ದಾರರ ಅಂಗೈಗೂ ಯುವಕನ ಮಾತಿಗೂ ನಡುವೆ ಕೆಲವೇ ಸೆಕೆಂಡುಗಳು. ಏಳು ಜನರಿಗೂ ಆ ಮಾತಿಗೂ ನಡುವೆ ನಲವತ್ತು ನಿಮಿಷ, ಒಂದು ಸುಳ್ಳು ಸಾಲು, ಅರ್ಧ ಕಿಲೋಮೀಟರ್ ಹಾದಿ. ಆ ಮಾತನ್ನು ಅವರಲ್ಲಿ ಹೆಚ್ಚಿನವರು ಕಿವಿಯಾರೆ ಕೇಳಿಯೇ ಇರಲಿಲ್ಲ.

ತಿರುವು

ಮಾರ್ಚ್ ಮೊದಲ ವಾರಕ್ಕೆ ಊರಿನ ಕೆಲವರು ಹವಾಲ್ದಾರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಪೇಟ, ಫ್ಲೆಕ್ಸ್ ಎಲ್ಲ ಸಿದ್ಧವಾಗಿತ್ತು. ವಕೀಲನಾಗಿ ಬೇಡವೆಂದು ಸಲಹೆ ಕೊಟ್ಟಿದ್ದೆ, ಅವರು ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ಫೆಬ್ರವರಿ 27 ಬಂತು. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ ವಿಮಾನ ಉರುಳಿ, ಅವರು ಗಡಿಯಾಚೆ ಇಳಿದರು. ಅಲ್ಲಿನ ಹಳ್ಳಿಯವರು ಅವರನ್ನು ಸುತ್ತುವರಿದು ಹೊಡೆಯುವ, ಪಾಕಿಸ್ತಾನದ ಸೈನಿಕರು ನಡುವೆ ಬಂದು ಬಿಡಿಸಿಕೊಳ್ಳುವ ವಿಡಿಯೊವನ್ನು ಇಡೀ ದೇಶ ಉಸಿರು ಬಿಗಿಹಿಡಿದು ನೋಡಿತು. ಮಾರ್ಚ್ 1ರ ರಾತ್ರಿ ಅವರು ಅಟ್ಟಾರಿ ಗಡಿ ದಾಟಿ ಬಂದರು.

ಮರುದಿನ ಬೆಳಿಗ್ಗೆ ಹವಾಲ್ದಾರರು ನನ್ನ ಕಚೇರಿಗೆ ಬಂದರು. ನಿದ್ದೆಗೆಟ್ಟ ಕಣ್ಣು. "ವಕೀಲರೇ, ಆ ಹಳ್ಳಿಯವರ ಲೆಕ್ಕಕ್ಕೆ ಅವರು ಬಾಂಬು ಹಾಕಲು ಬಂದ ಶತ್ರು. ಆದರೂ ಅವರ ಸೈನಿಕರೇ ಓಡಿ ಬಂದು ಬಿಡಿಸಿದರು. ನಮ್ಮ ಹುಡುಗನನ್ನು ಬಿಡಿಸಲು ಯಾರು ಹೋದರು? ಅವರು ಅಂಗಡಿಗೆ ನುಗ್ಗುತ್ತಿದ್ದಾಗ ನನಗೆ ಫೋನು ಬಂದಿತ್ತು. ನಾನು ಮನೆಯಲ್ಲಿ ಕೂತಿದ್ದೆ" ಎಂದರು. ಸ್ವಲ್ಪ ಹೊತ್ತಿನ ನಂತರ, ಸೆರೆ ಸಿಕ್ಕವನ ಮೇಲೆ ಕೈ ಮಾಡಬಾರದು ಎಂದು ಸೇನೆಯಲ್ಲಿ ತಮಗೆ ಎಷ್ಟು ಸಲ ಪಾಠ ಹೇಳಿದ್ದರು ಎಂಬುದನ್ನು ವಿವರಿಸಿದರು. 1949ರ ಮೂರನೆಯ ಜಿನೀವಾ ಒಪ್ಪಂದ ಯುದ್ಧಕೈದಿಯನ್ನು ಹಿಂಸೆಯಿಂದಷ್ಟೇ ಅಲ್ಲ, ನಿಂದನೆಯಿಂದ, ಜನರ ಕುತೂಹಲದಿಂದಲೂ ಕಾಪಾಡಬೇಕು ಎನ್ನುತ್ತದೆ. ಬಂದೂಕು ಹಿಡಿದು ಬಂದವನಿಗೆ ಇರುವ ಆ ರಕ್ಷಣೆ ನಾಲಗೆ ಸಡಿಲ ಬಿಟ್ಟ ಊರಿನ ಹುಡುಗನಿಗೆ ಇಲ್ಲವೇ ಎಂಬುದು ಅವರ ಪ್ರಶ್ನೆ. ನಾನು ಕಾನೂನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ವಾದವನ್ನು ಅವರು ಸೈನಿಕನ ದಾರಿಯಿಂದ ತಲುಪಿದ್ದರು.

ಆ ದಿನ ಅವರಿಗೆ ಅಮೆರಿಕದ ಒಂದು ಪ್ರಕರಣ ಹೇಳಿದೆ. 2006ರಲ್ಲಿ ಇರಾಕ್‌ನಲ್ಲಿ ಸತ್ತ ಮ್ಯಾಥ್ಯೂ ಸ್ನೈಡರ್ ಎಂಬ ಯುವ ಸೈನಿಕನ ಅಂತ್ಯಕ್ರಿಯೆಯ ದಿನ, ಚರ್ಚೊಂದರ ಕೆಲವರು ಸೈನಿಕರು ಸತ್ತದ್ದಕ್ಕೆ ದೇವರಿಗೆ ಸ್ತೋತ್ರ ಎಂಬ ಫಲಕ ಹಿಡಿದು ಸಮೀಪದಲ್ಲೇ ನಿಂತಿದ್ದರು. ತಂದೆ ಕೈ ಎತ್ತಲಿಲ್ಲ, ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. ಎದುರಾಳಿಗಳ ಮೇಲ್ಮನವಿ ಖರ್ಚು ಕೊಡಬೇಕೆಂಬ ಆದೇಶವನ್ನೂ ಎದುರಿಸಿದರು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಚರ್ಚಿನವರ ಪರವೇ ತೀರ್ಪು ಕೊಟ್ಟಿತು. ಆ ತೀರ್ಪು ನನಗೆ ಒಪ್ಪಿಗೆಯಲ್ಲ. ನೊಂದ ತಂದೆಗೆ ಪರಿಹಾರವಿಲ್ಲ ಎನ್ನುವುದು ನನ್ನ ದೃಷ್ಟಿಯಲ್ಲಿ ಕಠೋರ. ಆದರೂ ಅಲ್ಲಿ ಬೇರೆ ಒಂದು ಬೆಳವಣಿಗೆ ಆಗಿತ್ತು. ಅಂಥ ಅಂತ್ಯಕ್ರಿಯೆಗಳಿಗೆ ಮೋಟಾರ್‌ಸೈಕಲ್ ಸವಾರರ ಗುಂಪುಗಳು ಬಂದು, ಉದ್ದಕ್ಕೂ ಬಾವುಟ ಹಿಡಿದು ನಿಂತು, ಆ ಫಲಕಗಳು ಕುಟುಂಬದ ಕಣ್ಣಿಗೆ ಬೀಳದಂತೆ ಗೋಡೆಯಾಗುತ್ತಿದ್ದವು. ಘೋಷಣೆ ಕೇಳದಂತೆ ಎಂಜಿನ್ ಗರ್ಜಿಸುತ್ತಿದ್ದವು. ಹವಾಲ್ದಾರರು ತುಂಬ ಹೊತ್ತು ಆ ಸವಾರರ ಬಗ್ಗೆಯೇ ಕೇಳಿದರು.

ಅಂದೇ ಸನ್ಮಾನ ಬೇಡವೆಂದು ಹೇಳಿ ಕಳುಹಿಸಿದರು. ಇದಕ್ಕೆ ಅವರು ಬೆಲೆ ತೆತ್ತರು. ತಿಂಗಳುಗಟ್ಟಲೆ ಕೆಲವರು ಮಾತು ಬಿಟ್ಟರು, ಹೆದರಿಬಿಟ್ಟ ಎಂದು ಹಂಗಿಸಿದರು.

ನಡೆದದ್ದು

ಕಿವಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ "ಒಂದೇ ಒಂದು ಏಟು" ಎಂಬ ಮಾತನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಅಂಗೈ ಕಿವಿಯ ಮೇಲೆ ಚಪ್ಪಟೆಯಾಗಿ ಬಿದ್ದರೆ ಒಳಗಿನ ಗಾಳಿ ಒಮ್ಮೆಲೇ ಒತ್ತಿ ತಮಟೆ ಹರಿಯಬಹುದು. ಬಹಳ ಮಂದಿಯಲ್ಲಿ ಆ ತೂತು ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ. ಈ ಯುವಕನದು ಮುಚ್ಚಲಿಲ್ಲ, ಸೋರಲು ಶುರುವಾಯಿತು. ಐದು ತಿಂಗಳ ನಂತರ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಹೊದಿಕೆಯ ಚೂರೊಂದನ್ನು ತೆಗೆದು ತೂತಿಗೆ ತೇಪೆ ಹಾಕಿದರು. ಕಾನೂನಿನ ಲೆಕ್ಕದಲ್ಲಿ ಶಾಶ್ವತ ಕಿವುಡು ಆಗದಿದ್ದುದರಿಂದ ವೈದ್ಯರು ಅದನ್ನು ಸಾಮಾನ್ಯ ಗಾಯವೆಂದೇ ಪ್ರಮಾಣಪತ್ರ ಕೊಟ್ಟರು. ಮಣಿಕಟ್ಟಿನ ಮೂಳೆ ಮುರಿತ ತೀವ್ರ ಗಾಯ. ಈ ವಿಭಜನೆ ನಮ್ಮ ವಾದಕ್ಕೆ ನೆರವಾಯಿತು. ಆದರೆ ಅಂಗೈಯೊಂದು ಏನು ಮಾಡಬಲ್ಲದು ಎಂಬುದು ಆ ಸಾಮಾನ್ಯ ಎಂಬ ಪದದಲ್ಲಿ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚನ್ನು ಹವಾಲ್ದಾರರು ಭರಿಸಿದರು, ತಪ್ಪೊಪ್ಪಿಗೆ ಎಂದು ಅರ್ಥವಾಗದಂತೆ ಪತ್ರ ಬರೆದು ನಾನು ಅದನ್ನು ಆ ವಕೀಲೆಯ ಮೂಲಕ ತಲುಪಿಸಿದೆ.

ದೋಷಾರೋಪ ಪಟ್ಟಿ ಬಂದ ಮೇಲೆ ಬಿಡುಗಡೆ ಅರ್ಜಿ ಹಾಕಿದೆವು. ಹೋಟೆಲಿನಿಂದ ಹವಾಲ್ದಾರರು ಮನೆಗೆ ಹೋದದ್ದಕ್ಕೆ, ಆ ಏಳು ಜನರಲ್ಲಿ ಯಾರೊಂದಿಗೂ ಮಾತಾಡದಿದ್ದುದಕ್ಕೆ ಪೊಲೀಸರ ದಾಖಲೆಯಲ್ಲೇ ಆಧಾರವಿತ್ತು. ಮ್ಯಾಜಿಸ್ಟ್ರೇಟರು ಅಕ್ರಮ ಕೂಟ, ದೊಂಬಿ, ತೀವ್ರ ಗಾಯದ ಆರೋಪಗಳಿಂದ ಅವರನ್ನು ಕೈಬಿಟ್ಟರು. ಉಳಿದದ್ದು ಹೋಟೆಲಿನ ಏಟು ಒಂದೇ. ಅದು ಗಾಯಗೊಂಡವನು ಬಯಸಿದರೆ ರಾಜಿ ಮಾಡಿಕೊಳ್ಳಬಹುದಾದ ಅಪರಾಧ.

ಯುವಕ ಮೊದಲು ಒಪ್ಪಲಿಲ್ಲ. ಅವನ ತಾಯಿಯೇ ಒಂದು ದಿನ ನ್ಯಾಯಾಲಯದ ಜಗುಲಿಯಲ್ಲಿ ಹವಾಲ್ದಾರರನ್ನು ತಡೆದು, "ಅಣ್ಣ, ನನ್ನ ಮಗ ಆಡಿದ್ದು ನಾಯಿ ಮಾತು. ನೀವು ಬಂದು ನನಗೆ ಹೇಳಿದ್ದರೆ ನಾನೇ ಅವನನ್ನು ನಿಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೆ" ಎಂದರು. ಹವಾಲ್ದಾರರು ಕೈ ಮುಗಿದು ನಿಂತರು, ಏನೂ ಹೇಳಲಿಲ್ಲ. ಲೋಕ ಅದಾಲತ್‌ನಲ್ಲಿ ಇಬ್ಬರೂ ಎದುರುಬದುರಾದಾಗ ಯುವಕ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಆ ಅಮ್ಮನ ಬಗ್ಗೆ ಆಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಹೊಡೆದಿರಿ ಎಂದು ಕೇಳುತ್ತಿಲ್ಲ." ಬಾವುಟ ಹಿಡಿಸಿ ಮೊಣಕಾಲೂರಿಸಿದಾಗ ಅವನು ಹತ್ತು ಸಲ ಕ್ಷಮೆ ಕೇಳಿದ್ದ, ಆ ವಿಡಿಯೊ ನೋಡಿದ ಯಾರೂ ಅದನ್ನು ನಂಬಿರಲಿಲ್ಲ. ಈ ಒಂದು ಸಲದ್ದನ್ನು ಹವಾಲ್ದಾರರು ನಂಬಿದರು, ಪ್ರತಿಯಾಗಿ ತಾವೂ ಕೇಳಿದರು. ರಾಜಿ ದಾಖಲಾಯಿತು. ಬ್ಯಾಂಕಿನ ಕೆಲಸ ಉಳಿಯಿತು.

ಯುವಕನ ಮೇಲಿನ ಪ್ರಕರಣದಲ್ಲಿ ಪೊಲೀಸರು ಬಿ ರಿಪೋರ್ಟ್, ಅಂದರೆ ಪ್ರಕರಣ ಮುಗಿಸುವ ವರದಿ, ಸಲ್ಲಿಸಿದರು. 153ಎ ಮತ್ತು 505(2) ಕಲಂಗಳಿಗೆ ಧರ್ಮ, ಭಾಷೆ, ಜಾತಿಯಂಥ ಎರಡು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಅಂಶ ಇರಬೇಕು ಎಂದು ಬಿಲಾಲ್ ಅಹ್ಮದ್ ಕಾಲೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲೇ ಸ್ಪಷ್ಟಪಡಿಸಿದೆ. ಅಲ್ಲಿಯೂ ಆರೋಪ ಇದ್ದದ್ದು ಸೇನೆಯ ಬಗ್ಗೆ ಆಡಿದ ಮಾತಿನ ಮೇಲೆಯೇ. ಇನ್ನು ಸಾವನ್ನು ಸಂಭ್ರಮಿಸಿ ದ್ವೇಷ ಹರಡುವ ಬರಹಗಳಿಗೆ ಕಾನೂನು ಕಣ್ಣು ಮುಚ್ಚುತ್ತದೆ ಎಂದೂ ಅಲ್ಲ. ಪುಲ್ವಾಮಾ ದಾಳಿಯನ್ನು ಸಂಭ್ರಮಿಸಿ ಫೇಸ್‌ಬುಕ್‌ನಲ್ಲಿ ಬರೆದ ಬೆಂಗಳೂರಿನ ವಿದ್ಯಾರ್ಥಿಯೊಬ್ಬನಿಗೆ 2022ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಐದು ವರ್ಷ ಶಿಕ್ಷೆ ವಿಧಿಸಿತು. ಆ ವಯಸ್ಸಿನವನಿಗೆ ಅಷ್ಟು ಶಿಕ್ಷೆ ಹೆಚ್ಚಾಯಿತೆಂದು ವಾದಿಸಬಹುದು, ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು. ಮುರಿದ ಮಣಿಕಟ್ಟಿನ ಮೇಲೆ ಯಾವ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುತ್ತದೆ?

ಏಳು ಜನರ ವಿಚಾರಣೆ ಕೋವಿಡ್ ನಡುವೆ ಎಳೆದು ಎಳೆದು 2022ಕ್ಕೆ ಮುಗಿಯಿತು. ಅಂಗಡಿ ಸಾಲಿನ ಇಬ್ಬರು ಸಾಕ್ಷಿಗಳು ತಿರುಗಿ ಬಿದ್ದರು. ಆರೋಪಿಗಳು ತಾವೇ ಹೆಮ್ಮೆಯಿಂದ ಹಂಚಿದ್ದ ವಿಡಿಯೊ ಅವರಿಗೆ ಮುಳುವಾಯಿತು. ಮುಖ ಸ್ಪಷ್ಟವಾಗಿ ಕಂಡ ಮೂವರಿಗೆ ಶಿಕ್ಷೆಯಾಯಿತು, ನಾಲ್ವರು ಬಿಡುಗಡೆಯಾದರು. ಪ್ರಚೋದನೆಯ ವಾದವನ್ನು ನ್ಯಾಯಾಲಯ ನಲವತ್ತು ನಿಮಿಷದ ಕಾರಣಕ್ಕೆ ತಳ್ಳಿಹಾಕಿತು. ಮೇಲ್ಮನವಿ ಬಾಕಿ ಇದೆ.

ಇದರಿಂದ ನಾನು ತೆಗೆದುಕೊಂಡದ್ದು

ಯುವಕನ ಬದುಕಿನಲ್ಲಿ ಒಂದು ನೋವಿನ ಕಥೆ ಇದೆ. ಅವನ ತಂದೆ ರೈತ, ಸಾಲದ ಬಾಧೆಯಲ್ಲಿ ಪ್ರಾಣ ಕಳೆದುಕೊಂಡವರು; ಸಾಲ ಕೈಸಾಲವೆಂಬ ಕಾರಣಕ್ಕೆ ಪರಿಹಾರದ ಅರ್ಜಿ ತಿರಸ್ಕೃತವಾಗಿತ್ತು. ಲಾಟರಿ ಎಂಬ ಹೊಲಸು ಮಾತು ಎಲ್ಲಿಂದ ಬಂತೆಂಬುದಕ್ಕೆ ಅದು ಸುಳಿವು ಕೊಡುತ್ತದೆ. ಅವನಿಗೆ ಹೊಡೆದದ್ದು ತಪ್ಪೆಂದು ಹೇಳಲು ಅನೇಕರು ಇದನ್ನೇ ಕಾರಣ ಮಾಡಿಕೊಂಡರು. ನಾನು ಅದನ್ನು ತೀರ್ಮಾನದ ಹೊರಗಿಡುತ್ತೇನೆ. ಹಾಗೆ ಮಾಡದಿದ್ದರೆ, ಹೇಳಿಕೊಳ್ಳಲು ಕಥೆಯಿಲ್ಲದವನಿಗೆ, ಬರೀ ಕೊಬ್ಬಿನಿಂದ ಅದೇ ಮಾತು ಆಡಿದವನಿಗೆ ಹೊಡೆಯಬಹುದು ಎಂದಾಗುತ್ತದೆ. ಅವನಿಗೂ ಹೊಡೆಯಬಾರದು.

ಹವಾಲ್ದಾರರ ಏಟು ನನಗೆ ಅರ್ಥವಾಗುತ್ತದೆ. ಹೆಗಲ ಮೇಲೆ ಗೆಳೆಯನ ದೇಹ ಹೊತ್ತವರು ಆ ಮಾತು ಕೇಳಿಯೂ ಕೂತೇ ಇರಬೇಕೆಂದು ನಿರೀಕ್ಷಿಸುವುದು ಕಷ್ಟ. ಅರ್ಥವಾಗುವುದರಿಂದ ಶಿಕ್ಷೆ ಇಳಿಯಬೇಕು. ಕಾನೂನು ಹೇಳುವುದೂ ಅಷ್ಟನ್ನೇ. ಆದರೆ ಅರ್ಥವಾಯಿತೆಂದು ಅದಕ್ಕೆ ಶಾಲು ಹೊದಿಸಿದರೆ ಮುಂದಿನ ಏಳು ಜನಕ್ಕೆ ದಾರಿ ತೆರೆದಂತೆ. ಹೋಟೆಲಿನ ಏಟು ಮಾದರಿಯಾದದ್ದರಿಂದಲೇ ಅಂಗಡಿಯ ಹಲ್ಲೆ ನಡೆಯಿತು. ಇನ್ನೂ ಒಂದು ನಷ್ಟ ಆ ಸಂಜೆ ಆಯಿತು. ಆರು ಗಂಟೆಗೆ ಆ ಪೇಟೆ ಇಡೀ ಗುಡಿಗೆರೆಯ ಯೋಧನನ್ನು ನೆನೆಯುತ್ತಿತ್ತು. ಏಳು ಗಂಟೆಗೆ ಎಲ್ಲರ ಬಾಯಲ್ಲಿ ಮೊಬೈಲ್ ಅಂಗಡಿಯ ಹುಡುಗ, ಯಾರು ಎಷ್ಟು ಹೊಡೆದರು ಎಂಬ ವರದಿ. ಹುತಾತ್ಮನ ಹೆಸರಿನಲ್ಲಿ ಎತ್ತಿದ ಕೈ ಹುತಾತ್ಮನನ್ನೇ ಪಕ್ಕಕ್ಕೆ ಸರಿಸಿತ್ತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಪ್ರಚೋದನೆಯಿಂದ ಮಾಡಿದ ಗಾಯಕ್ಕೆ ಈಗ 122ನೇ ಕಲಂ, ಅಲ್ಲಿಯೂ ರಿಯಾಯಿತಿ ಮಾತ್ರ, ಮಾಫಿ ಇಲ್ಲ. ಅದಕ್ಕಿಂತ ಮುಖ್ಯವಾದದ್ದು 117(4): ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ತೀವ್ರ ಗಾಯ ಮಾಡಿದರೆ ಗುಂಪಿನ ಪ್ರತಿಯೊಬ್ಬನಿಗೂ ಏಳು ವರ್ಷದವರೆಗೆ ಶಿಕ್ಷೆ. ಇಂಥದೇ ಘಟನೆ ಇಂದು ನಡೆದರೆ ಅಂಗಡಿಯ ಬಾಗಿಲಲ್ಲಿ ನಿಂತು ವಿಡಿಯೊ ಮಾಡಿದವನೂ ಸುಲಭವಾಗಿ ಪಾರಾಗಲಾರ.

ಆ ನಲವತ್ತು ನಿಮಿಷಗಳಲ್ಲಿ ಯಾರಿಗೆ ಏನು ತಿಳಿದಿತ್ತು ಎಂದು ವಿಚಾರಣೆಯಲ್ಲಿ ಕಾಲಪಟ್ಟಿ ಮಾಡಿದ್ದೆವು. ಗುಂಪು ಸೇರುತ್ತಿದೆ ಎಂಬುದು ಹೋಟೆಲಿನ ಯಜಮಾನರಿಗೆ, ಪಕ್ಕದ ಔಷಧಿ ಅಂಗಡಿಯವರಿಗೆ, ಆಟೋ ನಿಲ್ದಾಣದ ನಾಲ್ವರಿಗೆ ಗೊತ್ತಿತ್ತು. ಪೊಲೀಸ್ ಠಾಣೆ ನಡೆದು ಹೋಗುವಷ್ಟು ದೂರ. 100ಕ್ಕೆ ಒಂದು ಕರೆಯೂ ಹೋಗಿರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಹೋಗಪ್ಪ ಎಂದು ಹುಡುಗನಿಗೆ ಹೇಳಿದವರೂ ಇಲ್ಲ. ಈಗ ನಮ್ಮ ತಾಲ್ಲೂಕಿನ ಮಾಜಿ ಸೈನಿಕರು, ಯಾವುದೇ ಯೋಧನ ಶವಯಾತ್ರೆಯ ದಿನ ಪೇಟೆಯಲ್ಲಿ ಇಬ್ಬರು ಮೂವರು ಸೇರಿ ಓಡಾಡುತ್ತಾರೆ. ಎಲ್ಲಾದರೂ ಮಾತು ಬಿಸಿಯಾದರೆ ಆಡಿದವನನ್ನು ಹೊರಗೆ ಕರೆದುಕೊಂಡು ಹೋಗಿ ಮನೆಗೆ ಬಿಟ್ಟು ಬರುತ್ತಾರೆ. ಆ ಏರ್ಪಾಡು ಮಾಡಿದವರು ಹವಾಲ್ದಾರರು.